“ಪಿಐ 3.2 ಅಂತ ಬರೆದಿದ್ದಾರೆ, ಹಾಗಂದ್ರೇನು?”

(ಮಂಡ್ಯದಲ್ಲಿ ಆಡಿದ ಮಾತಿನ ಬರಹ ರೂಪ ಇದು. ಮಕ್ಕಳಿಗಾಗಿ ಚಿಕಿತ್ಸೆ ಪಡೆಯುತ್ತಿರುವ ದಂಪತಿಗಳು, ಅವರ ಮನೆಯವರು, ಕೆಲವು ನರ್ಸಿಂಗ್ ವಿದ್ಯಾರ್ಥಿನಿಯರು ಬಂದಿದ್ದರು. ರೆಕಾರ್ಡಿಂಗ್ ಕೇಳಿಕೊಂಡು ನಾನೇ ಬರೆದಿದ್ದೇನೆ. ಸಭೆಯಿಂದ ಬಂದ ಪ್ರಶ್ನೆಗಳನ್ನು ಆಯಾ ಜಾಗದಲ್ಲೇ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಒಳಗೆ ಬರುವಾಗ ಬಾಗಿಲ ಹತ್ತಿರ ಒಬ್ಬ ಹೆಣ್ಣುಮಗಳು ನನ್ನನ್ನು ನಿಲ್ಲಿಸಿದರು. ಅವರ ಫೋನಿನಲ್ಲಿ ಸ್ಕ್ಯಾನಿಂಗ್ ರಿಪೋರ್ಟಿನ ಫೋಟೋ ಇತ್ತು. ಒಂದು ಸಾಲಿನ ಮೇಲೆ ಬೆರಳಿಟ್ಟು ಕೇಳಿದರು: “ಮೇಡಂ, ಇಲ್ಲಿ ಯುಟಿರೈನ್ ಆರ್ಟರಿ ಪಿಐ 3.2 ಅಂತ ಬರೆದಿದ್ದಾರೆ. ಹಾಗಂದ್ರೇನು? ಮನೇಲಿ ಎಲ್ರೂ ಕೇಳ್ತಿದ್ದಾರೆ, ನಂಗೆ ಹೇಳೋಕೆ ಗೊತ್ತಾಗ್ತಿಲ್ಲ.”

ನಾನು ಬೇರೆ ಎಲ್ಲಿಂದಲೋ ಮಾತು ಶುರು ಮಾಡಬೇಕು ಅಂದುಕೊಂಡು ಬಂದಿದ್ದೆ. ಅದನ್ನು ಬಿಟ್ಟೆ. ಈ ಒಂದು ಸಾಲಿನ ಬಗ್ಗೆಯೇ ಇವತ್ತು ಮಾತಾಡುತ್ತೇನೆ. ಯುಟಿರೈನ್ ಆರ್ಟರಿ ಅಂದ್ರೆ ಗರ್ಭಕೋಶಕ್ಕೆ ರಕ್ತ ತರುವ ನಾಳ. ಪಿಐ ಅಂದ್ರೆ ಪಲ್ಸಟಿಲಿಟಿ ಇಂಡೆಕ್ಸ್, ಆ ನಾಳದಲ್ಲಿ ಹರಿವಿನ ಏರಿಳಿತ ಹೇಳುವ ಒಂದು ಅಂಕಿ. ಯಾಕಂದ್ರೆ ಈ ಸಾಲಿನ ವಿಷಯದಲ್ಲಿ ನಾನೇ ಒಂದು ತಪ್ಪು ಮಾಡಿದ್ದೇನೆ.

ಸುಮಾರು ಹದಿನೈದು ವರ್ಷದ ಹಿಂದಿನ ಮಾತು. ಆಗ ನಾನು ಬೇರೊಂದು ಊರಿನ ಆಸ್ಪತ್ರೆಯಲ್ಲಿ ಸ್ಕ್ಯಾನಿಂಗ್ ನೋಡುತ್ತಿದ್ದೆ. ಮದುವೆಯಾಗಿ ಆರು ವರ್ಷವಾಗಿದ್ದ ಒಬ್ಬರು ಬಂದರು. ಮುಟ್ಟಾಗಿ ಹನ್ನೊಂದನೇ ದಿನ. ಡಾಪ್ಲರ್, ಅಂದ್ರೆ ರಕ್ತದ ಹರಿವು ನೋಡುವ ಸ್ಕ್ಯಾನ್, ಹಾಕಿದೆ. ಪಿಐ 3.4 ಬಂತು. ರಿಪೋರ್ಟಿನ ಕೊನೆಯಲ್ಲಿ ‘ಗರ್ಭಕೋಶಕ್ಕೆ ರಕ್ತದ ಹರಿವು ಕಡಿಮೆ’ ಅಂತ ಇಂಗ್ಲಿಷಿನಲ್ಲಿ ಒಂದು ಸಾಲು ಬರೆದು ಸಹಿ ಹಾಕಿದೆ. ಮುಂದಿನವರನ್ನು ಕರೆದೆ.

ಹತ್ತು ದಿನ ಬಿಟ್ಟು ಅವರು ವಾಪಸ್ ಬಂದರು. ಒಬ್ಬರೇ ಬಂದಿದ್ದರು. ಕುರ್ಚಿಯಲ್ಲಿ ಕೂತವರು ಫೈಲ್ ತೆಗೆಯಲೇ ಇಲ್ಲ. “ಡಾಕ್ಟ್ರಮ್ಮ, ನನ್ನ ಗರ್ಭಕೋಶ ಒಣಗಿಹೋಗಿದೆಯಾ?” ಅಂದರು. ಆ ಸಾಲನ್ನು ಮನೆಯಲ್ಲಿ ಯಾರೋ ಓದಿ, ಇನ್ಯಾರಿಗೋ ಹೇಳಿ, ಬಾಯಿಂದ ಬಾಯಿಗೆ ಹೋಗಿ, ಕೊನೆಗೆ ‘ಗರ್ಭಕೋಶಕ್ಕೆ ರಕ್ತವೇ ಹೋಗುತ್ತಿಲ್ಲವಂತೆ, ಒಣಗಿದೆಯಂತೆ’ ಅಂತಾಗಿತ್ತು. ಅವರ ಎದುರಿಗೇ ಎರಡನೇ ಮದುವೆಯ ಮಾತು ಬಂದಿತ್ತು.

ಅವತ್ತೇ ಮತ್ತೆ ಅಳೆದೆ. ಇಪ್ಪತ್ತೊಂದನೇ ದಿನ. ಪಿಐ 2.4. ಅದೇ ಹೆಂಗಸು, ಅದೇ ಗರ್ಭಕೋಶ, ಅದೇ ಮೆಷಿನ್, ಅಳೆದ ಕೈಯೂ ಅದೇ.

ಆಮೇಲೆ ಅವರಿಗೆ ಏನಾಯಿತು ನನಗೆ ಗೊತ್ತಿಲ್ಲ. ಆ ಆಸ್ಪತ್ರೆಗೆ ಅವರು ಮತ್ತೆ ಬರಲಿಲ್ಲ. ಆದರೆ ಅವತ್ತಿನಿಂದ ನಾನು ರಿಪೋರ್ಟಿನಲ್ಲಿ ಆ ಸಾಲು ಬರೆದಿಲ್ಲ. ಅಂಕಿ ಬರೆಯುತ್ತೇನೆ, ಪಕ್ಕದಲ್ಲಿ ಮುಟ್ಟಿನ ಎಷ್ಟನೇ ದಿನ ಅಂತ ಬರೆಯುತ್ತೇನೆ, ಎದುರಿಗೆ ಕೂರಿಸಿಕೊಂಡು ಹೇಳುತ್ತೇನೆ. ಹೇಳೋದು ಏನು ಅನ್ನುವುದನ್ನೇ ಈಗ ನಿಮಗೂ ಹೇಳುತ್ತೇನೆ.

ನೀವೆಲ್ಲ ಮಂಡ್ಯದವರು. ನಾಲೆ ಬಗ್ಗೆ ನಿಮಗೆ ನಾನು ಹೇಳಬೇಕಾಗಿಲ್ಲ. ಕನ್ನಂಬಾಡಿಯಿಂದ ವಿಶ್ವೇಶ್ವರಯ್ಯ ನಾಲೆ ಹೊರಡುತ್ತದೆ. ಅದರಿಂದ ಉಪನಾಲೆಗಳು, ಅಲ್ಲಿಂದ ತೂಬು, ತೂಬಿನಿಂದ ಹೊಲಗಾಲುವೆ, ಕೊನೆಗೆ ಗದ್ದೆ. ಗರ್ಭಕೋಶಕ್ಕೆ ರಕ್ತ ಬರುವುದೂ ಹೆಚ್ಚುಕಮ್ಮಿ ಹೀಗೇ. ಸೊಂಟದ ಒಳಗಿನ ದೊಡ್ಡ ರಕ್ತನಾಳದಿಂದ ಎಡಕ್ಕೊಂದು ಬಲಕ್ಕೊಂದು ಕವಲು ಬರುತ್ತದೆ. ಅದೇ ಯುಟಿರೈನ್ ಆರ್ಟರಿ. ಅದು ಗರ್ಭಕೋಶದ ಬಾಯಿಯ ಪಕ್ಕಕ್ಕೆ ಬಂದು, ಅಲ್ಲಿಂದ ಅಂಕುಡೊಂಕಾಗಿ ಮೇಲಕ್ಕೆ ಹತ್ತುತ್ತದೆ. ಹತ್ತುತ್ತಾ ಗರ್ಭಕೋಶದ ಗೋಡೆಯನ್ನು ಬಿಲ್ಲಿನ ಹಾಗೆ ಬಳಸುವ ಕವಲುಗಳನ್ನು ಕೊಡುತ್ತದೆ. ಅವುಗಳಿಂದ ಒಳಮುಖವಾಗಿ ಇನ್ನೂ ಸಣ್ಣ ನಾಳಗಳು. ಕೊಟ್ಟಕೊನೆಗೆ ಒಳಪದರದಲ್ಲಿ ಸುರುಳಿ ಸುರುಳಿಯಾದ ಕೂದಲೆಳೆಯಂಥ ನಾಳಗಳು. ಒಳಪದರ ಅಂದ್ರೆ ನೀವು ‘ಲೈನಿಂಗ್’ ಅಂತ ಕೇಳಿರುತ್ತೀರಲ್ಲ, ಅದು. ಭ್ರೂಣ ಬಂದು ಕೂರುವುದು ಅಲ್ಲೇ. ಈ ಸುರುಳಿ ನಾಳಗಳ ತುದಿಗಳು ಪ್ರತಿ ತಿಂಗಳು ಮುಟ್ಟಿನ ಜೊತೆ ಉದುರಿಹೋಗಿ ಮತ್ತೆ ಬೆಳೆಯುತ್ತವೆ. ದೇಹದಲ್ಲಿ ಬೇರೆಲ್ಲೂ ಹೀಗೆ ತಿಂಗಳು ತಿಂಗಳೂ ಹಳೆಯದನ್ನು ಕಳಚಿ ಹೊಸದಾಗಿ ಕಟ್ಟುವ ಕೆಲಸ ನಡೆಯುವುದಿಲ್ಲ. ನನಗೆ ಇವತ್ತಿಗೂ ಇದು ಅಚ್ಚರಿಯೇ.

ಈಗ ಮುಖ್ಯ ವಿಷಯ. ಆ ಪಿಐ 3.2 ಅನ್ನು ಅಳೆದದ್ದು ಎಲ್ಲಿ? ಗದ್ದೆಯಲ್ಲಿ ಅಲ್ಲ, ಮೇಲಿನ ನಾಲೆಯಲ್ಲಿ. ಮೇಲಿನ ನಾಲೆಯಲ್ಲಿ ನೀರು ಜೋರಾಗಿದ್ದರೂ ಮಳವಳ್ಳಿ ಕಡೆಯ ಕೊನೆಭಾಗದ ರೈತನ ಗದ್ದೆ ಬಿರುಕು ಬಿಟ್ಟಿರಬಹುದು. ಮೇಲೆ ಸ್ವಲ್ಪ ಕಡಿಮೆ ಕಂಡರೂ ಕೆಳಗಿನ ಗದ್ದೆಗೆ ಬೇಕಾದಷ್ಟು ಮುಟ್ಟಿರಬಹುದು. ನಾಲೆಯ ಗೇಜ್ ನೋಡಿ ಗದ್ದೆಯ ಬೆಳೆ ಹೇಳೋಕೆ ಆಗಲ್ಲ ಅಲ್ವಾ? ಇಲ್ಲೂ ಅಷ್ಟೇ.

ಸರಿ, ಅಳೆಯುವುದು ಹೇಗೆ ಅಂತ ಹೇಳುತ್ತೇನೆ. ಇದನ್ನು ಯಾರೂ ನಿಧಾನವಾಗಿ ಹೇಳುವುದಿಲ್ಲ, ಹೆಣ್ಣುಮಕ್ಕಳು ಹೆದರಿಕೊಂಡೇ ಮಂಚ ಹತ್ತುತ್ತಾರೆ.

ಇದು ‘ಒಳಗಿನ ಸ್ಕ್ಯಾನ್’. ಟಿವಿಎಸ್ ಅಂತಾರೆ. ಮೊದಲು ಮೂತ್ರ ಮಾಡಿಕೊಂಡು ಬನ್ನಿ ಅಂತೀವಿ. ಹೊಟ್ಟೆಯ ಮೇಲಿನ ಸ್ಕ್ಯಾನಿಗೆ ನೀರು ಕುಡಿದು ಕಾಯಬೇಕು, ಇದಕ್ಕೆ ಉಲ್ಟಾ. ಕಾಲು ಮಡಚಿ ಮಲಗಿಸಿ ಮೇಲೆ ಬಟ್ಟೆ ಹೊದಿಸುತ್ತೇವೆ. ಬೆರಳಿಗಿಂತ ಸ್ವಲ್ಪ ದಪ್ಪದ ಪ್ರೋಬಿಗೆ ಹೊಸ ಕಾಂಡೋಮ್ ತೊಡಿಸಿ, ಜೆಲ್ ಹಚ್ಚಿ, ನಿಧಾನವಾಗಿ ಒಳಗೆ ಸೇರಿಸುತ್ತೇವೆ. ಜೆಲ್ ತಣ್ಣಗಿರುತ್ತದೆ, ಮೊದಲೇ ಹೇಳಿಬಿಟ್ಟರೆ ಬೆಚ್ಚುವುದಿಲ್ಲ. ಜೊತೆಗೆ ಒಬ್ಬ ನರ್ಸ್ ಇರಲೇಬೇಕು. ನೋವಾದರೆ ‘ನಿಲ್ಲಿಸಿ’ ಅನ್ನಿ, ನಿಲ್ಲಿಸಬೇಕು. ನಾಚಿಕೆಯ ಮಾತಲ್ಲ ಇದು.

ಮೊದಲು ಕಪ್ಪುಬಿಳುಪಿನ ಚಿತ್ರ ಬರುತ್ತದೆ. ಪ್ರೋಬನ್ನು ಗರ್ಭಕೋಶದ ಬಾಯಿಯ ಪಕ್ಕಕ್ಕೆ ತಿರುಗಿಸಿ ಬಣ್ಣದ ಬಟನ್ ಒತ್ತುತ್ತೇನೆ. ಪರದೆಯಲ್ಲಿ ಕೆಂಪು, ನೀಲಿ ಮಿನುಗು ಶುರುವಾಗುತ್ತದೆ. ಕೆಂಪು ಅಂದ್ರೆ ಒಳ್ಳೆ ರಕ್ತ, ನೀಲಿ ಅಂದ್ರೆ ಕೆಟ್ಟ ರಕ್ತ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಹಾಗಲ್ಲ. ಒಂದು ಬಣ್ಣ ಪ್ರೋಬಿನ ಕಡೆಗೆ ಬರುವ ರಕ್ತಕ್ಕೆ, ಇನ್ನೊಂದು ಪ್ರೋಬಿನಿಂದ ದೂರ ಹೋಗುವ ರಕ್ತಕ್ಕೆ. ಅಷ್ಟೇ. ನಾಳ ತಿರುಚಿಕೊಂಡಿದ್ದರೆ ಅದೇ ನಾಳದಲ್ಲಿ ಎರಡೂ ಬಣ್ಣ ಕಾಣುತ್ತದೆ.

ಆ ಮಿನುಗಿನ ಮೇಲೆ ಎರಡು ಮಿಲಿಮೀಟರಿನಷ್ಟು ಚಿಕ್ಕ ಗುರುತು ಇಟ್ಟು ಇನ್ನೊಂದು ಬಟನ್ ಒತ್ತಿದಾಗ ಶಬ್ದ ಬರುತ್ತದೆ. ಗಾಳಿಮಳೆಯಲ್ಲಿ ತೆಂಗಿನ ಗರಿ ಬಡಿದ ಹಾಗೆ ಶ್ರ್... ಶ್ರ್... ಅಂತ, ಎದೆ ಬಡಿದ ಲೆಕ್ಕಕ್ಕೆ ಒಂದೊಂದು. ಪರದೆಯ ಕೆಳಗೆ ಗುಡ್ಡದ ಸಾಲಿನಂಥ ಅಲೆಗಳು. ಎದೆ ಬಡಿದಾಗ ರಕ್ತ ನುಗ್ಗುತ್ತದೆ, ಅದು ಗುಡ್ಡದ ತುದಿ. ಎರಡು ಬಡಿತದ ನಡುವೆ ಹರಿವು ಇಳಿಯುತ್ತದೆ, ಅದು ತಗ್ಗು. ಒಂದೇ ಥರದ ಮೂರು ಗುಡ್ಡ ಸಿಕ್ಕ ಮೇಲೆ ಚಿತ್ರ ನಿಲ್ಲಿಸಿ ಗೆರೆ ಎಳೆಯುತ್ತೇನೆ. ಮೆಷಿನ್ ಲೆಕ್ಕ ಹಾಕುತ್ತದೆ. ಎಡಗಡೆ ಒಂದು, ಬಲಗಡೆ ಒಂದು, ಎರಡರ ಸರಾಸರಿ.

ಲೆಕ್ಕ ಸುಲಭ. ಗುಡ್ಡದ ತುದಿಯಲ್ಲಿ ವೇಗ ಸೆಕೆಂಡಿಗೆ 60 ಸೆಂಟಿಮೀಟರ್ ಅಂತಿಟ್ಟುಕೊಳ್ಳಿ. ತಗ್ಗಿನ ಕೊನೆಯಲ್ಲಿ 6. ಪೂರ್ತಿ ಅಲೆಯ ಸರಾಸರಿ 20. ಅರವತ್ತರಲ್ಲಿ ಆರು ಕಳೆದರೆ 54. ಅದನ್ನು 20ರಿಂದ ಭಾಗಿಸಿದರೆ 2.7. ಇದೇ ಪಿಐ. ಪಕ್ಕದಲ್ಲಿ ಆರ್‌ಐ ಅಂತ ಇನ್ನೊಂದು ಅಂಕಿ ಇರುತ್ತದಲ್ಲ, ಅದಕ್ಕೆ ಆ 54 ಅನ್ನೇ 60ರಿಂದ ಭಾಗಿಸುತ್ತಾರೆ. 0.9.

ಇದರಲ್ಲಿ ಗಮನಿಸಬೇಕಾದ್ದು ಏನಂದ್ರೆ, ಎಲ್ಲೂ ಮಿಲಿಲೀಟರ್ ಇಲ್ಲ. ನಿಮಿಷಕ್ಕೆ ಎಷ್ಟು ರಕ್ತ ಹೋಯಿತು ಅಂತ ಈ ಅಂಕಿ ಹೇಳುವುದಿಲ್ಲ. ಅದು ಹೇಳುವುದು ಮುಂದೆ ಇರುವ ಸಣ್ಣ ನಾಳಗಳು ಎಷ್ಟು ಬಿಗಿಯಾಗಿವೆ, ಎಷ್ಟು ಸಡಿಲವಾಗಿವೆ ಅನ್ನುವುದನ್ನು. ಬಿಗಿ ಜಾಸ್ತಿ ಇದ್ದರೆ ಬಡಿತ ಬಡಿತದ ನಡುವೆ ಹರಿವು ತೀರಾ ಇಳಿದುಬಿಡುತ್ತದೆ, ಪಿಐ ಏರುತ್ತದೆ. ಸಡಿಲವಾಗಿದ್ದರೆ ನಡುವೆಯೂ ಹರಿಯುತ್ತಲೇ ಇರುತ್ತದೆ, ಪಿಐ ಇಳಿಯುತ್ತದೆ. ಹಾಗಾಗಿ ‘ಪಿಐ ಜಾಸ್ತಿ’ ಅಂದಾಕ್ಷಣ ‘ರಕ್ತ ಹೋಗ್ತಿಲ್ಲ’ ಅಂತ ಅಲ್ಲವೇ ಅಲ್ಲ. ಬಾಗಿಲಲ್ಲಿ ಕೇಳಿದವರೇ, ಮನೆಯಲ್ಲಿ ಮೊದಲು ಇದನ್ನು ಹೇಳಿ.

ಒಬ್ಬ ವಿದ್ಯಾರ್ಥಿನಿ ಕೇಳಿದರು: ನಾಳ ಅಂಕುಡೊಂಕಾಗಿದ್ದರೆ ವೇಗ ಸರಿಯಾಗಿ ಸಿಗುತ್ತದಾ? ತುಂಬಾ ಒಳ್ಳೆ ಪ್ರಶ್ನೆ. ಸಿಗಲ್ಲ. ರೈಲು ನಮ್ಮ ಕಡೆಗೇ ಬರುವಾಗ ಹಾರ್ನ್ ಕೀರಲಾಗಿ ಕೇಳುತ್ತದೆ, ನಮ್ಮನ್ನು ದಾಟಿದ ಕೂಡಲೇ ದನಿ ದಪ್ಪಗಾಗುತ್ತದೆ. ಮಂಡ್ಯ ಸ್ಟೇಷನ್ನಿನಲ್ಲಿ ನಿಲ್ಲದೆ ಹೋಗುವ ರೈಲಿನಲ್ಲಿ ಇದನ್ನು ಚೆನ್ನಾಗಿ ಕೇಳಬಹುದು. ಇದನ್ನು 1842ರಲ್ಲಿ ಲೆಕ್ಕದಲ್ಲಿ ಹಿಡಿದವರು ಪ್ರಾಗ್ ನಗರದಲ್ಲಿ ಪಾಠ ಮಾಡುತ್ತಿದ್ದ ಕ್ರಿಶ್ಚಿಯನ್ ಡಾಪ್ಲರ್. ಅವರು ಬರೆದದ್ದು ನಕ್ಷತ್ರಗಳ ಬೆಳಕಿನ ಬಗ್ಗೆ. ಮೂರು ವರ್ಷದ ಮೇಲೆ ಹಾಲೆಂಡಿನಲ್ಲಿ ಬೈಸ್ ಬ್ಯಾಲೊ ಅನ್ನುವವರು ರೈಲಿನ ಮೇಲೆ ತುತ್ತೂರಿ ಊದುವವರನ್ನು ಕೂರಿಸಿ, ಹಳಿಯ ಪಕ್ಕ ಸ್ವರಜ್ಞಾನ ಇರುವವರನ್ನು ನಿಲ್ಲಿಸಿ, ಶಬ್ದಕ್ಕೂ ಇದು ನಿಜ ಅಂತ ತೋರಿಸಿದರು. ಇಲ್ಲಿ ರೈಲಿನ ಬದಲು ಕೆಂಪು ರಕ್ತಕಣ, ಹಾರ್ನಿನ ಬದಲು ನಮ್ಮ ಕಿವಿಗೆ ಕೇಳದ ಶಬ್ದ. ರೈಲು ನೇರವಾಗಿ ನಮ್ಮ ಕಡೆ ಬರದೆ ಅಡ್ಡಡ್ಡ ಹೋದರೆ ದನಿಯ ವ್ಯತ್ಯಾಸ ಸಿಗುವುದಿಲ್ಲ. ರಕ್ತನಾಳವೂ ಅಷ್ಟೇ, ಅಡ್ಡ ಸಿಕ್ಕರೆ ವೇಗ ತಪ್ಪಾಗುತ್ತದೆ. ಅದಕ್ಕೇ ಬರಿ ವೇಗವನ್ನು ನಂಬದೆ ಪಿಐ ಬಳಸುವುದು. ತುದಿಯ ವೇಗವೂ ತಗ್ಗಿನ ವೇಗವೂ ಒಂದೇ ಪ್ರಮಾಣದಲ್ಲಿ ತಪ್ಪಾಗುವುದರಿಂದ ಭಾಗಿಸಿದಾಗ ತಪ್ಪು ಹೊಡೆದುಹೋಗುತ್ತದೆ. ಜಾಣ ಲೆಕ್ಕ.

ಆದರೆ ಕೋನದ ತಪ್ಪು ಹೋದರೂ ಬೇರೆ ಏರಿಳಿತ ಹೋಗುವುದಿಲ್ಲ. ಮುಟ್ಟಿನ ಯಾವ ದಿನ ಅನ್ನುವುದು ಎಲ್ಲಕ್ಕಿಂತ ದೊಡ್ಡದು. ತಿಂಗಳ ಮೊದಲ ಭಾಗದಲ್ಲಿ ಪಿಐ ಜಾಸ್ತಿ ಇರುತ್ತದೆ. ಅಂಡ ಬಿಡುಗಡೆಯಾಗಿ ಸುಮಾರು ಒಂದು ವಾರಕ್ಕೆ, ಅಂದ್ರೆ ಭ್ರೂಣ ಬಂದು ಕೂರುವ ಹೊತ್ತಿಗೆ, ತಾನಾಗಿಯೇ ಇಳಿಯುತ್ತದೆ. ನಾನು ಹೇಳಿದ ಆ ಹೆಣ್ಣುಮಗಳಿಗೆ ಆಗಿದ್ದೂ ಅದೇ. ಅಂಡ ಬಿಡುಗಡೆಯ ಆಸುಪಾಸಿನಲ್ಲಿ ಬೆಳಗ್ಗೆಗೂ ಸಂಜೆಗೂ ವ್ಯತ್ಯಾಸ ಕಂಡಿದೆ ಅಂತ 1990ರ ದಶಕದಲ್ಲೇ ಲಂಡನ್ನಿನ ವೈದ್ಯರು ಬರೆದಿದ್ದಾರೆ. ಗರ್ಭಕೋಶ ಕಿವುಚಿದ ಹಾಗೆ ಬಿಗಿಯಾಗಿದ್ದ ಕ್ಷಣದಲ್ಲಿ ಅಳೆದರೂ ಅಂಕಿ ಬದಲಾಗುತ್ತದೆ. ಆದ್ದರಿಂದ ರಿಪೋರ್ಟಿನಲ್ಲಿ ದಿನ ಬರೆದಿಲ್ಲ ಅಂದ್ರೆ ಆ ಅಂಕಿಯಿಂದ ಏನೂ ತಿಳಿಯುವುದಿಲ್ಲ. ಕೇಳಿ ಬರೆಸಿಕೊಳ್ಳಿ.

ಪಿಐ 3ಕ್ಕಿಂತ ಜಾಸ್ತಿ ಇದ್ದರೆ ಗರ್ಭ ನಿಲ್ಲುವುದು ಕಷ್ಟ ಅಂತ ಹೆದರುತ್ತಾರಲ್ಲ, ಆ ‘3’ ಅನ್ನುವ ಗೆರೆ ಎಲ್ಲಿಂದ ಬಂತು ಅಂತ ಈಗ ನೋಡೋಣ.

ಮೊದಲ ಐವಿಎಫ್ ಮಗು, ಅಂದ್ರೆ ದೇಹದ ಹೊರಗೆ ಭ್ರೂಣ ಮಾಡಿ ಗರ್ಭಕೋಶಕ್ಕೆ ಬಿಟ್ಟು ಪಡೆದ ಮೊದಲ ಮಗು, ಲೂಯಿಸ್ ಬ್ರೌನ್ ಹುಟ್ಟಿದ್ದು 1978ರ ಜುಲೈ 25ರಂದು, ಇಂಗ್ಲೆಂಡಿನಲ್ಲಿ. ಎರಡೇ ತಿಂಗಳ ಮೇಲೆ ಕಲ್ಕತ್ತದಲ್ಲಿ ಡಾ. ಸುಭಾಷ್ ಮುಖರ್ಜಿ ಅವರ ಕೈಯಲ್ಲಿ ನಮ್ಮ ದೇಶದ ಮೊದಲ ಮಗು. ಅವರ ಮಾತನ್ನು ಆಗ ಯಾರೂ ನಂಬಲಿಲ್ಲ. ಅವರು ಹೋದ ಎಷ್ಟೋ ವರ್ಷಗಳ ಮೇಲೆ ಮರ್ಯಾದೆ ಸಿಕ್ಕಿತು. ಅದನ್ನು ನೆನೆದರೆ ನನಗೆ ಇವತ್ತಿಗೂ ಸಂಕಟವಾಗುತ್ತದೆ. ಇರಲಿ. ಭ್ರೂಣವನ್ನು ಹೊರಗೆ ಬೆಳೆಸುವುದು ಬಂತು. ಆದರೆ ಚೆಂದದ ಭ್ರೂಣವನ್ನು ಒಳಗೆ ಬಿಟ್ಟರೂ ಬಹಳ ಸಲ ಅದು ನಿಲ್ಲುತ್ತಿರಲಿಲ್ಲ. ಹಾಗಾದ್ರೆ ನೆಲದ್ದೇ ತೊಂದರೆ ಇರಬೇಕು ಅನ್ನುವ ಯೋಚನೆ ಬಂತು. ಲೂಯಿಸ್ ಬ್ರೌನ್ ಹುಟ್ಟಿಗೆ ಕಾರಣರಾದ ಪ್ಯಾಟ್ರಿಕ್ ಸ್ಟೆಪ್ಟೋ ಅವರೇ ಗೋಸ್ವಾಮಿ ಅನ್ನುವ ವೈದ್ಯರ ಜೊತೆ ಸೇರಿ, 1988ರಲ್ಲಿ, ಗರ್ಭಕೋಶಕ್ಕೆ ರಕ್ತ ಸಾಲದಿರುವುದೂ ಮಕ್ಕಳಾಗದಿರಲು ಒಂದು ಕಾರಣ ಅಂತ ಬರೆದರು. 1992ರಲ್ಲಿ ಲಂಡನ್ನಿನ ಸ್ಟೀರ್, ಕ್ಯಾಂಪ್‌ಬೆಲ್ ಮತ್ತಿತರರು ಭ್ರೂಣ ಬಿಡುವ ಮುಂಚೆ ಪಿಐ ಅಳೆದರು. 3ಕ್ಕಿಂತ ಜಾಸ್ತಿ ಇದ್ದವರಲ್ಲಿ ಒಬ್ಬರಿಗೂ ಗರ್ಭ ನಿಲ್ಲಲಿಲ್ಲ. ಆ ‘3’ ಅಲ್ಲಿಂದ ಲೋಕವೆಲ್ಲ ಸುತ್ತಿ ನಿಮ್ಮ ಫೋನಿನ ಫೋಟೋದವರೆಗೆ ಬಂದಿದೆ.

ಆದರೆ ಅದು ಸಣ್ಣ ಅಧ್ಯಯನ. ಆಮೇಲೆ ಬೇರೆ ಊರುಗಳಲ್ಲಿ, ಬೇರೆ ದೇಶಗಳಲ್ಲಿ ಅಳೆದಾಗ 3ಕ್ಕಿಂತ ಜಾಸ್ತಿ ಇದ್ದವರಿಗೂ ಗರ್ಭ ನಿಂತಿತು. 2ರ ಆಸುಪಾಸಿನಲ್ಲಿದ್ದ ಎಷ್ಟೋ ಜನರಿಗೆ ನಿಲ್ಲಲಿಲ್ಲ. ಒಟ್ಟಾರೆ ತಿಳಿದುಬಂದದ್ದು ಇಷ್ಟು: ಪಿಐ ತುಂಬಾ ಜಾಸ್ತಿ ಇದ್ದರೆ ಸಾಧ್ಯತೆ ಸ್ವಲ್ಪ ಕಡಿಮೆ ಇರಬಹುದು. ಪಿಐ ಚೆನ್ನಾಗಿದ್ದರೆ ಗರ್ಭ ನಿಲ್ಲುತ್ತದೆ ಅಂತ ಯಾರೂ ಹೇಳಲಾರರು.

ನಾಲೆ ಬಿಟ್ಟು ಗದ್ದೆಯಲ್ಲೇ ಅಳೆಯಬಹುದಲ್ಲ ಅಂತ ನೀವು ಕೇಳಬಹುದು. ಅದನ್ನೂ ಮಾಡಿದ್ದಾರೆ. ಅಮೆರಿಕದ ಅಪಲ್‌ಬಾಮ್ ಅನ್ನುವ ವೈದ್ಯರು 1990ರ ದಶಕದಲ್ಲಿ ಒಳಪದರವನ್ನು ಹೊರಗಿನಿಂದ ಒಳಕ್ಕೆ ನಾಲ್ಕು ‘ಝೋನ್’ ಮಾಡಿ, ಬಣ್ಣ ಎಲ್ಲಿಯವರೆಗೆ ಮುಟ್ಟಿದೆ ಅಂತ ನೋಡಿ ಅಂಕ ಕೊಡುವ ಪದ್ಧತಿ ತಂದರು. ನಮ್ಮ ಕಡೆಯ ರಿಪೋರ್ಟುಗಳಲ್ಲಿ ‘ಝೋನ್ 3’ ಅಂತ ಇರುತ್ತದಲ್ಲ, ಅದು ಇದೇ. ನಾನೂ ಬರೆಯುತ್ತೇನೆ. ಒಳಗಿನವರೆಗೆ ಬಣ್ಣ ಕಂಡರೆ ನನಗೂ ಸಮಾಧಾನ. ಆದರೆ ಅಷ್ಟು ಸಣ್ಣ ನಾಳದ ಹರಿವು ಕಾಣುವುದು ಮೆಷಿನ್ ಎಷ್ಟು ಸೂಕ್ಷ್ಮ, ಸೆಟ್ಟಿಂಗ್ ಹೇಗಿಟ್ಟಿದ್ದಾರೆ ಅನ್ನುವುದರ ಮೇಲೂ ನಿಂತಿದೆ. ಹಳೆಯ ಮೆಷಿನ್ನಿನಲ್ಲಿ ಝೋನ್ 1 ಅಂತ ಬಂದದ್ದು ಹೊಸ ಮೆಷಿನ್ನಿನಲ್ಲಿ ಝೋನ್ 3 ಆಗಬಹುದು. ತ್ರೀ-ಡಿ ಪವರ್ ಡಾಪ್ಲರ್ ಬಂದ ಮೇಲೆ ಹಾಂಗ್‌ಕಾಂಗ್‌ನಲ್ಲಿ ಬಹಳ ಶ್ರದ್ಧೆಯಿಂದ ಒಳಪದರದ ಪೂರ್ತಿ ರಕ್ತದ ಹರಿವನ್ನೇ ಅಳೆದು ನೋಡಿದರು. ಅದರಿಂದಲೂ ಯಾರಿಗೆ ಗರ್ಭ ನಿಲ್ಲುತ್ತದೆ ಅಂತ ಸರಿಯಾಗಿ ಹೇಳಲು ಆಗಲಿಲ್ಲ. ಹೆಣ್ಣಿನ ವಯಸ್ಸು, ಭ್ರೂಣದ ಗುಣ ಇವೆರಡರ ಮುಂದೆ ಈ ಅಂಕಿಗಳ ತೂಕ ಕಡಿಮೆ.

ಹಾಗಾದ್ರೆ ಅಂಕಿ ಇಳಿಸಲು ಕೊಡುವ ಮಾತ್ರೆಗಳು? ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕಂದ್ರೆ ನಿಮ್ಮಲ್ಲಿ ಬಹಳ ಜನ ಇವತ್ತು ಬೆಳಗ್ಗೆಯೂ ಒಂದನ್ನು ನುಂಗಿ ಬಂದಿರುತ್ತೀರಿ.

ಮೊದಲನೆಯದು ಸಣ್ಣ ಡೋಸಿನ ಆಸ್ಪಿರಿನ್. ಜನ ‘ರಕ್ತ ತೆಳು ಮಾಡೋ ಮಾತ್ರೆ’ ಅಂತಾರೆ. 1999ರಲ್ಲಿ ಅರ್ಜೆಂಟೀನಾದಿಂದ ಬಂದ ಒಂದು ಅಧ್ಯಯನದಲ್ಲಿ ಐವಿಎಫ್ ಜೊತೆ ಇದನ್ನು ಕೊಟ್ಟಾಗ ಹರಿವೂ ಸುಧಾರಿಸಿತು, ಗರ್ಭವೂ ಜಾಸ್ತಿ ನಿಂತಿತು. ಎಲ್ಲರೂ ಬರೆಯಲು ಶುರು ಮಾಡಿದರು. ನಂತರದ ಅಧ್ಯಯನಗಳನ್ನೆಲ್ಲ ಕೂಡಿಸಿ ನೋಡಿದಾಗ, ಐವಿಎಫ್ ಮಾಡಿಸುವ ಎಲ್ಲರಿಗೂ ಆಸ್ಪಿರಿನ್ ಕೊಡುವುದರಿಂದ ಲಾಭ ಕಾಣಲಿಲ್ಲ. ಇಲ್ಲೊಂದು ಗೊಂದಲ ಇದೆ, ಬಿಡಿಸಿ ಹೇಳುತ್ತೇನೆ. ಗರ್ಭ ನಿಂತ ಮೇಲೆ, ಬಿಪಿ ಏರುವ ಅಪಾಯ ಇರುವ ಗರ್ಭಿಣಿಯರಿಗೆ ಕೊಡುವ ಆಸ್ಪಿರಿನ್ ಬೇರೆ ವಿಷಯ. ಅದರಿಂದ ಲಾಭ ಇದೆ ಅಂತ 2017ರ ದೊಡ್ಡ ಅಧ್ಯಯನದಲ್ಲಿ ಗಟ್ಟಿಯಾಗಿ ಗೊತ್ತಾಗಿದೆ. ಅಲ್ಲೂ 11ರಿಂದ 13 ವಾರದ ಸ್ಕ್ಯಾನಿನಲ್ಲಿ ಇದೇ ಯುಟಿರೈನ್ ಆರ್ಟರಿಯ ಪಿಐ ಅಳೆಯುತ್ತಾರೆ, ಬಿಪಿ ಮತ್ತು ರಕ್ತಪರೀಕ್ಷೆಯ ಜೊತೆ ಸೇರಿಸಿ ಲೆಕ್ಕ ಹಾಕುತ್ತಾರೆ. ಅಲ್ಲಿ ಈ ಅಳತೆಗೆ ನಿಜವಾದ ಕೆಲಸ ಇದೆ. ಅಲ್ಲಿ ಕೊಡುತ್ತಾರೆ ಅಂತ ಇಲ್ಲೂ ನುಂಗುವುದು ಬೇಡ. ಹಾಗೆಯೇ ನಿಮ್ಮ ಡಾಕ್ಟರು ಬೇರೆ ಕಾರಣಕ್ಕೆ ಬರೆದಿದ್ದರೆ ನನ್ನ ಮಾತು ಕೇಳಿ ನಿಲ್ಲಿಸಲೂಬೇಡಿ. ಯಾಕೆ ಬರೆದಿದ್ದಾರೆ ಅಂತ ಕೇಳಿ.

ಎರಡನೆಯದು ಸಿಲ್ಡೆನಾಫಿಲ್. ಗಂಡಸರ ಮಾತ್ರೆ ಅಂತ ಹೆಸರಾದದ್ದು. ಇದು ರಕ್ತನಾಳವನ್ನು ಸಡಿಲ ಮಾಡುತ್ತದೆ. 2000ದಲ್ಲಿ ಅಮೆರಿಕದಲ್ಲಿ ಇದನ್ನು ಯೋನಿಯ ಮೂಲಕ ಕೊಟ್ಟು ಒಳಪದರ ದಪ್ಪವಾಯಿತು ಅಂತ ಬರೆದರು. ಆ ಮೊದಲ ವರದಿಯಲ್ಲಿ ಇದ್ದವರು ನಾಲ್ಕು ಜನ. ನಾಲ್ಕೇ ಜನ! ಆಮೇಲೆ ಬೇರೆಯವರೂ ನೋಡಿದ್ದಾರೆ, ಕೆಲವರಲ್ಲಿ ಪದರ ಬೆಳೆದಿದೆ. ಎಷ್ಟು ಮಾಡಿದರೂ ಪದರ ತೆಳ್ಳಗೇ ಉಳಿಯುವವರಲ್ಲಿ ವೈದ್ಯರು ಇದನ್ನು ಪ್ರಯತ್ನಿಸುವುದು ನನಗೆ ಅರ್ಥವಾಗುತ್ತದೆ. ಪದರ ಸಾಕಷ್ಟು ದಪ್ಪಗೆ, 9 ಮಿಲಿಮೀಟರ್ ಇರುವವರಿಗೆ, ಪಿಐ ಒಂದನ್ನೇ ನೋಡಿ ಕೊಡುವುದು ಅರ್ಥವಾಗುವುದಿಲ್ಲ. ಎದೆನೋವಿಗೆ ನೈಟ್ರೇಟ್ ಮಾತ್ರೆ ತೆಗೆದುಕೊಳ್ಳುವವರಿಗೆ ಇದು ಅಪಾಯ. ಯಾರಿಗೋ ಬರೆದ ಚೀಟಿ ತೋರಿಸಿ ಮೆಡಿಕಲ್ ಸ್ಟೋರಿನಿಂದ ಖಂಡಿತ ತರಬೇಡಿ.

ಅಕ್ಯುಪಂಕ್ಚರ್ ಬಗ್ಗೆಯೂ ಒಬ್ಬರು ಚೀಟಿ ಕಳಿಸಿದ್ದಾರೆ. ಸ್ವೀಡನ್ನಿನಲ್ಲಿ 1996ರಲ್ಲಿ ಸೂಜಿ ಚಿಕಿತ್ಸೆಯಿಂದ ಪಿಐ ಇಳಿದದ್ದನ್ನು ತೋರಿಸಿದರು. ನಿಜವಾಗಿಯೂ ಇಳಿಯಿತು. ಆದರೆ 2018ರಲ್ಲಿ 848 ಹೆಂಗಸರ ಮೇಲೆ ನಡೆದ ಅಧ್ಯಯನದಲ್ಲಿ, ನಿಜವಾದ ಅಕ್ಯುಪಂಕ್ಚರ್ ಮಾಡಿಸಿದವರಿಗೂ ಸುಮ್ನೆ ಮಾಡಿದ ಹಾಗೆ ತೋರಿಸಿದವರಿಗೂ ಮಕ್ಕಳಾದ ಲೆಕ್ಕದಲ್ಲಿ ವ್ಯತ್ಯಾಸ ಕಾಣಲಿಲ್ಲ. ಅಂಕಿ ಇಳಿಯುವುದು ಬೇರೆ, ಮಡಿಲಿಗೆ ಮಗು ಬರುವುದು ಬೇರೆ. ನೀವು ದುಡ್ಡು ಕೊಡುತ್ತಿರುವುದು ಯಾವುದಕ್ಕೆ ಅಂತ ಪ್ರತಿ ಸಲ ಕೇಳಿಕೊಳ್ಳಿ. ಸೈಟು ಮಾರಿ, ಒಡವೆ ಅಡ ಇಟ್ಟು ಬಂದವರನ್ನು ನಾನು ನೋಡಿದ್ದೇನೆ. ಅವರ ಒಂದು ರೂಪಾಯಿಯೂ ಹಗುರವಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ‘ಸ್ಕ್ಯಾನೇ ಬೇಡ’ ಅಂದುಕೊಳ್ಳಬೇಡಿ. ನಾನು ದಿನವಿಡೀ ಮಾಡುವ ಕೆಲಸ ಅದು, ಅದರ ಮೇಲೆ ನನಗೆ ತುಂಬಾ ನಂಬಿಕೆ. ಬಣ್ಣದ ಡಾಪ್ಲರ್ ಬಹಳ ಉಪಕಾರ ಮಾಡುವ ಜಾಗಗಳಿವೆ.

ಒಳಪದರದಲ್ಲಿ ಬಿಳಿ ಗುಂಡಗೆ ಏನೋ ಕಾಣುತ್ತದೆ ಅನ್ನಿ. ಬಣ್ಣ ಹಾಕಿದಾಗ ಅದರೊಳಕ್ಕೆ ಒಂದೇ ಒಂದು ನಾಳ, ಹೂವಿಗೆ ತೊಟ್ಟು ಇದ್ದ ಹಾಗೆ, ಹೋಗುವುದು ಕಂಡರೆ ಅದು ಪಾಲಿಪ್, ಅಂದ್ರೆ ಒಳಪದರದಿಂದ ಬೆಳೆದ ಸಣ್ಣ ಗಂಟು, ಇರಬಹುದು. ತೆಗೆಯಬಹುದು. ಗೋಡೆಯಲ್ಲಿ ಗಡ್ಡೆ ಇದ್ದು ಅದರ ಸುತ್ತ ಬಳೆಯ ಹಾಗೆ ಬಣ್ಣ ಕಂಡರೆ ಫೈಬ್ರಾಯ್ಡ್ ಕಡೆಗೆ ಯೋಚನೆ ಹೋಗುತ್ತದೆ. ನಾಳಗಳು ಸುತ್ತ ಹೋಗದೆ ಗಡ್ಡೆಯಂಥ ಭಾಗದ ನಡುವೆಯೇ ಹಾದುಹೋದರೆ ಅಡಿನೊಮಯೋಸಿಸ್, ಅಂದ್ರೆ ಒಳಪದರದಂಥದ್ದು ಗೋಡೆಯೊಳಗೇ ಬೆಳೆಯುವುದು, ಇರಬಹುದು. ಎರಡಕ್ಕೂ ಚಿಕಿತ್ಸೆ ಬೇರೆ ಬೇರೆ. ಗರ್ಭಕೋಶದ ಪಕ್ಕದಲ್ಲಿ ಕಪ್ಪನೆ ಕೊಳವೆಯಂಥದ್ದು ಇದೆ, ಬಣ್ಣ ಹಾಕಿದರೂ ಒಳಗೆ ಹರಿವಿಲ್ಲ ಅಂದ್ರೆ ಅದು ರಕ್ತನಾಳ ಅಲ್ಲ, ನೀರು ತುಂಬಿದ ಟ್ಯೂಬ್, ಅಂದ್ರೆ ಅಂಡನಾಳ, ಇರಬಹುದು. ಇದನ್ನು ಗಮನಿಸದೆ ಐವಿಎಫ್ ಮಾಡಿದರೆ ಯಶಸ್ಸು ಸುಮಾರು ಅರ್ಧಕ್ಕೆ ಇಳಿಯುತ್ತದೆ. ಮೊದಲು ಆ ಟ್ಯೂಬನ್ನು ತೆಗೆದು ಅಥವಾ ಕಟ್ಟಿ, ಆಮೇಲೆ ಭ್ರೂಣ ಬಿಟ್ಟರೆ ಒಳ್ಳೆಯದು ಅನ್ನುವುದಕ್ಕೆ ಗಟ್ಟಿ ಆಧಾರ ಇದೆ. ಪಿಐ 3.2ಕ್ಕಿಂತ ಇಂಥ ಒಂದು ಸಾಲು ನಿಮ್ಮ ರಿಪೋರ್ಟಿನಲ್ಲಿ ಇದೆಯಾ ನೋಡಿ.

ಪದರ ಎಷ್ಟು ದಪ್ಪ, ಸ್ಕ್ಯಾನಿನಲ್ಲಿ ಅದು ಮೂರು ಗೆರೆಯಾಗಿ ಕಾಣುತ್ತದಾ ಅನ್ನುವುದೂ ಮುಖ್ಯ. 7 ಮಿಲಿಮೀಟರಿಗಿಂತ ತೆಳ್ಳಗಿದ್ದರೆ ಗರ್ಭ ನಿಲ್ಲುವ ಸಾಧ್ಯತೆ ಕಡಿಮೆ, ಆದರೆ ಇಲ್ಲವೇ ಇಲ್ಲ ಅಂತಲ್ಲ. ನಮ್ಮ ದೇಶದಲ್ಲಿ ಪದರ ತೆಳ್ಳಗಿದ್ದರೆ ಒಂದು ಪ್ರಶ್ನೆ ಮರೆಯಬಾರದು: ಹಿಂದೆ ಟಿಬಿ ಆಗಿತ್ತಾ? ಗರ್ಭಕೋಶದ ಟಿಬಿ ಸದ್ದಿಲ್ಲದೆ ಪದರವನ್ನೂ ಟ್ಯೂಬನ್ನೂ ಹಾಳು ಮಾಡಿರುತ್ತದೆ. ಹಲವು ಸಲ ಡಿ ಆಂಡ್ ಸಿ, ಅಂದ್ರೆ ಗರ್ಭಕೋಶದ ಒಳಗೆ ಕೆರೆದು ತೆಗೆಯುವುದು, ಮಾಡಿಸಿಕೊಂಡು ಒಳಗೆ ಅಂಟಿಕೊಂಡಿದ್ದರೂ ಹೀಗಾಗುತ್ತದೆ. ಅಲ್ಲೆಲ್ಲ ರಕ್ತದ ಹರಿವಿಗೆ ಮಾತ್ರೆ ಕೊಡುತ್ತಾ ತಿಂಗಳುಗಳನ್ನು ಕಳೆಯುವುದಕ್ಕಿಂತ ಹಿಸ್ಟರೋಸ್ಕೋಪಿ ಮಾಡಿ, ಅಂದ್ರೆ ಸಣ್ಣ ಕ್ಯಾಮೆರಾ ಹಾಕಿ, ಒಳಗೆ ನೋಡುವುದು ಮೇಲು.

ಇನ್ನೊಂದು ಮಾತು, ಗಂಡಂದಿರಿಗೆ. ಹಿಂದಿನ ಸಾಲಿನಲ್ಲಿ ಫೈಲ್ ಹಿಡಿದು ಕೂತಿದ್ದೀರಿ, ಜೊತೆಗೆ ಬಂದಿದ್ದೀರಿ, ಸಂತೋಷ. ಮಕ್ಕಳಾಗದ ಜೋಡಿಗಳಲ್ಲಿ ಹೆಚ್ಚುಕಮ್ಮಿ ಅರ್ಧದಷ್ಟರಲ್ಲಿ ಗಂಡಿನ ಕಡೆಯ ಕಾರಣವೂ ಸೇರಿರುತ್ತದೆ. ವೀರ್ಯ ಪರೀಕ್ಷೆಗೆ ಸೂಜಿಯಿಲ್ಲ, ಪ್ರೋಬಿಲ್ಲ, ಖರ್ಚೂ ಕಡಿಮೆ. ಅದನ್ನು ಮಾಡಿಸದೆ ಹೆಂಡತಿಗೆ ಮೂರು ಸಲ ಡಾಪ್ಲರ್ ಆಗಿರುವ ಫೈಲ್‌ಗಳು ನನ್ನ ಮೇಜಿಗೆ ಬರುತ್ತವೆ. ಆಗ ನನಗೆ ಸಿಟ್ಟು ಬರುತ್ತದೆ. ಮುಚ್ಚಿಡುವುದಿಲ್ಲ.

ಬಾಗಿಲಲ್ಲಿ ಕೇಳಿದ ಆ ಹೆಣ್ಣುಮಗಳ ರಿಪೋರ್ಟನ್ನು ಚಹಾ ವಿರಾಮದಲ್ಲಿ ಪೂರ್ತಿ ನೋಡಿದೆ. ಅವರು ಒಪ್ಪಿದ್ದರಿಂದ ಹೇಳುತ್ತಿದ್ದೇನೆ. ಪದರ 8.5 ಮಿಲಿಮೀಟರ್, ಮೂರು ಗೆರೆ ಚೆನ್ನಾಗಿದೆ. ಪಾಲಿಪ್ ಇಲ್ಲ, ಟ್ಯೂಬಿನಲ್ಲಿ ನೀರಿಲ್ಲ. ಅಳೆದದ್ದು ಹತ್ತನೇ ದಿನ. ಆ ದಿನಕ್ಕೆ 3.2 ಬಂದರೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ. ಮುಂದಿನ ತಿಂಗಳು ಟ್ರಾನ್ಸ್‌ಫರ್, ಅಂದ್ರೆ ಭ್ರೂಣ ಒಳಗೆ ಬಿಡುವುದು, ಇದೆಯಂತೆ. ಅದನ್ನು ಈ ಅಂಕಿಗಾಗಿ ಮುಂದಕ್ಕೆ ಹಾಕಬೇಡಿ ಅಂತ ಹೇಳಿ, ಅವರ ಡಾಕ್ಟರಿಗೂ ಒಂದು ಚೀಟಿ ಬರೆದುಕೊಟ್ಟೆ.

ಕೊನೆಯ ಪ್ರಶ್ನೆ ಒಬ್ಬ ಅಜ್ಜಿಯದು. “ನನ್ನ ಮೊಮ್ಮಗಳಿಗೆ ಈಗ ನಿಂತದೆ, ಒಂದೂವರೆ ತಿಂಗಳು. ಮಗೀನ ಎದೆ ಸಬ್ದ ಕೇಳಿಸಿ ಅಂದ್ರೆ ಡಾಕ್ಟ್ರು ಕೇಳಿಸಲಿಲ್ಲ. ರಕ್ತ ಓಡ್ತಾ ಅದಾ ಅಂತ ಬಣ್ಣ ಹಾಕಿ ನೋಡಬಾರದಾ ಅವ್ವ?”

ಅಜ್ಜಿ, ಆ ಡಾಕ್ಟರು ಸರಿಯಾಗಿ ಮಾಡಿದ್ದಾರೆ. ಗರ್ಭ ನಿಲ್ಲುವ ಮುಂಚೆ ಡಾಪ್ಲರ್ ಹಾಕಿದರೆ ಚಿಂತೆಯಿಲ್ಲ. ನಿಂತ ಮೇಲೆ, ಮೊದಲ ಮೂರು ತಿಂಗಳು, ಕಾರಣ ಇಲ್ಲದೆ ಶಬ್ದ ಬರುವ ಆ ಡಾಪ್ಲರನ್ನು ಮಗುವಿನ ಮೇಲೆ ಹಾಕುವುದಿಲ್ಲ. ಮಾಮೂಲಿ ಸ್ಕ್ಯಾನಿಗಿಂತ ಅದರಲ್ಲಿ ಒಂದೇ ಜಾಗಕ್ಕೆ ಬೀಳುವ ಶಕ್ತಿ ಜಾಸ್ತಿ, ಆ ಜಾಗ ಸ್ವಲ್ಪ ಬಿಸಿಯಾಗಬಹುದು. ಮಗು ಆಗಿನ್ನೂ ಹೆಸರುಕಾಳಿನಷ್ಟು ಇರುತ್ತದೆ. ಅದಕ್ಕೇ ಎಂ-ಮೋಡ್ ಅಂತ ಬೇರೆ ದಾರಿ ಬಳಸುತ್ತೇವೆ. ಮಗುವಿನ ಎದೆಯ ಮೇಲೆ ಒಂದು ಗೆರೆ ಇಟ್ಟರೆ ಪರದೆಯ ಕೆಳಗೆ ಸಣ್ಣ ಸಣ್ಣ ಅಲೆಗಳು ಬರುತ್ತವೆ, ಶಬ್ದ ಇರುವುದಿಲ್ಲ. ಒಂದು ಅಲೆಯಿಂದ ಇನ್ನೊಂದಕ್ಕೆ ಅಳೆದರೆ ಪಕ್ಕದಲ್ಲಿ 118 ಅಂತಲೋ 124 ಅಂತಲೋ ಬರುತ್ತದೆ. ನಾನು ಪರದೆಯನ್ನು ತಾಯಿಯ ಕಡೆಗೆ ತಿರುಗಿಸಿ, ಮಿಣಮಿಣ ಅನ್ನುವ ಆ ಚುಕ್ಕೆಯನ್ನು ತೋರಿಸಿ, ಪ್ರೋಬ್ ಹೊರಗೆ ತೆಗೆದುಬಿಡುತ್ತೇನೆ. ಮುಂದಿನ ಸಲ ಮೊಮ್ಮಗಳ ಜೊತೆ ನೀವೂ ಒಳಗೆ ಬನ್ನಿ ಅಜ್ಜಿ, ಕಣ್ಣಾರೆ ನೋಡುವಿರಂತೆ.